ಊರಿಗೆ ಹೊರಡುವ ಮೊದಲು ಕ್ಯಾಲೆಂಡರ್ ನೋಡಿ

ನಿವೃತ್ತಿಯ ವರ್ಷಗಳನ್ನು ಅಮೆರಿಕದಲ್ಲಿ ಕಳೆದು, ಈಗ ಊರಿಗೆ ಮರಳುವ ಯೋಚನೆಯಲ್ಲಿರುವ ಓದುಗರ ಪತ್ರಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ತೆರಿಗೆ, ವಲಸೆ ಕಾನೂನು ಮತ್ತು ವೈದ್ಯಕೀಯ ವಿಷಯ ಬಲ್ಲ ನಮ್ಮ ಬಳಗದವರು ಉತ್ತರಿಸಿದ್ದಾರೆ.

ಪ್ರಶ್ನೆ: ನನಗೆ 72, ನಮ್ಮ ಮನೆಯವರಿಗೆ 67. ಹೈಸ್ಕೂಲು ಮೇಷ್ಟ್ರ ಕೆಲಸದಿಂದ ನಿವೃತ್ತನಾಗಿ, ಮಗ ಮಾಡಿಸಿಕೊಟ್ಟ ಗ್ರೀನ್ ಕಾರ್ಡ್ ಮೇಲೆ 2014ರಿಂದ ಇಲ್ಲಿದ್ದೇವೆ. ಮೊಮ್ಮಕ್ಕಳು ದೊಡ್ಡವರಾದರು, ಹಗಲೆಲ್ಲ ಮನೆಯಲ್ಲಿ ನಾವಿಬ್ಬರೇ. ಮೈಸೂರು ಕುವೆಂಪುನಗರದ ಮನೆ ಬಾಡಿಗೆಗಿದೆ, ಪಿಂಚಣಿ ಅಲ್ಲೇ ಜಮೆಯಾಗುತ್ತದೆ. ಹೋಗೋಣ ಎನ್ನಿಸುತ್ತದೆ. ಹೋದಮೇಲೆ ಸರಿಬರದಿದ್ದರೆ ಎಂಬ ಅಳುಕೂ ಇದೆ. ಗ್ರೀನ್ ಕಾರ್ಡ್ ಹಿಂದಿರುಗಿಸಿಯೇ ಹೊರಡಬೇಕೆ?
– ಒಬ್ಬ ಓದುಗರು, ಫ್ರೀಮಾಂಟ್, ಕ್ಯಾಲಿಫೋರ್ನಿಯಾ

ಉತ್ತರ: ಊರಿಗೆ ಹೋಗುವುದು ಬೇರೆ, ಕಾರ್ಡ್ ಕೊಡುವುದು ಬೇರೆ. ಎರಡನ್ನೂ ಒಂದೇ ದಿನ ಮಾಡಬೇಡಿ. ಮೈಸೂರು ಒಗ್ಗದಿದ್ದರೆ ವಿಮಾನ ಹತ್ತಿ ಬರಬಹುದು. ಕಾರ್ಡ್ ಕೊಟ್ಟಮೇಲೆ ಮನಸ್ಸು ಬದಲಾದರೆ ಮಗ ಮೊದಲಿನಿಂದ ಅರ್ಜಿ ಹಾಕಬೇಕು.

ಮೊದಲು ಪರೀಕ್ಷೆಗೆಂದು ಹೋಗಿ. ಡಿಸೆಂಬರ್‌ನಲ್ಲಿ ಮದುವೆ-ಮುಂಜಿಗೆ ಬಂದು ನಾಲ್ಕು ವಾರ ನೆಂಟರ ಕಾರಿನಲ್ಲಿ ಓಡಾಡಿದ್ದು ಪರೀಕ್ಷೆಯಲ್ಲ. ಏಪ್ರಿಲ್‌ನಲ್ಲಿ ಹೋಗಿ ಆಗಸ್ಟ್‌ವರೆಗೆ ಇದ್ದು ನೋಡಿ: ಸೆಕೆ, ಕರೆಂಟ್ ಹೋಗುವುದು, ಮಳೆ, ಜಾರುವ ಅಂಗಳ ಎಲ್ಲವೂ ಆ ಐದು ತಿಂಗಳಲ್ಲೇ ಬರುತ್ತವೆ. ನೆಂಟರ ಮನೆ ಬೇಡ, ನಿಮ್ಮದೇ ಮನೆಯಲ್ಲಿ, ಕೆಲಸದವರನ್ನು ನೀವೇ ಹುಡುಕಿಕೊಂಡು ಇರಿ. ಇದಕ್ಕಾಗಿ ಬಾಡಿಗೆದಾರರಿಗೆ ಮುಂಚೆಯೇ ತಿಳಿಸಬೇಕು. 11 ತಿಂಗಳ ಕರಾರು ಮುಗಿಯುವ ತಿಂಗಳನ್ನು ನೋಡಿ, ನವೀಕರಿಸದೆ ಬಿಡುವುದು ಜಗಳವಿಲ್ಲದ ದಾರಿ. ಮನೆ ಖಾಲಿಯಾದ ವಾರವೇ ಬಚ್ಚಲಿಗೆ ಹಿಡಿಕೆ ಹಾಕಿಸಿ, ಮಲಗುವ ಕೋಣೆಯನ್ನು ಕೆಳಗಿನ ಅಂತಸ್ತಿಗೆ ತನ್ನಿ. ರಾತ್ರಿ ಹತ್ತಕ್ಕೆ ಎದೆನೋವೆಂದರೆ ಯಾವ ಆಸ್ಪತ್ರೆ, ಎಷ್ಟು ನಿಮಿಷ, ಕರೆದೊಯ್ಯುವವರು ಯಾರು ಎಂಬುದಕ್ಕೆ ಆ ಐದು ತಿಂಗಳಲ್ಲಿ ಉತ್ತರ ಸಿಗದಿದ್ದರೆ ಇನ್ನೂ ಹೊರಡುವ ಸಮಯ ಬಂದಿಲ್ಲ.

ಒಂದು ವರ್ಷ ಮೀರಿ ಹೊರಗಿರುವುದಾದರೆ ರೀ-ಎಂಟ್ರಿ ಪರ್ಮಿಟ್ ಬೇಕು. ಫಾರ್ಮ್ ಐ-131ರಲ್ಲಿ ಅರ್ಜಿ, ಸಾಮಾನ್ಯವಾಗಿ 2 ವರ್ಷಕ್ಕೆ ಕೊಡುತ್ತಾರೆ. ಜನ ಎಡವುವುದು ಇಲ್ಲೇ: ಅರ್ಜಿ ಸಲ್ಲಿಸುವ ದಿನ ನೀವು ಅಮೆರಿಕದ ನೆಲದಲ್ಲಿರಬೇಕು, ಬೆರಳಚ್ಚು ಕೊಡಲೂ ಅಲ್ಲೇ ಇರಬೇಕು. ಮೈಸೂರಿಗೆ ಹೋಗಿ ಹತ್ತು ತಿಂಗಳಾದಮೇಲೆ ನೆನಪಾದರೆ ಪ್ರಯೋಜನವಿಲ್ಲ. ಹೊರಡುವ ಕೆಲವು ತಿಂಗಳು ಮುಂಚೆಯೇ ಹಾಕಿ.

ಇನ್ನು ತೆರಿಗೆ. ನಿಮ್ಮ ಪತ್ರದಲ್ಲಿ ಇದರ ಮಾತೇ ಇಲ್ಲ, ನಮಗೆ ಹೆಚ್ಚು ಚಿಂತೆಯಾದದ್ದು ಅದಕ್ಕೇ. ಗ್ರೀನ್ ಕಾರ್ಡ್ ಕೈಯಲ್ಲಿರುವವರೆಗೂ ನಿಮ್ಮ ಮೈಸೂರಿನ ಬಾಡಿಗೆ, ಪಿಂಚಣಿ, ಠೇವಣಿ ಬಡ್ಡಿ ಎಲ್ಲವನ್ನೂ ಅಮೆರಿಕದ ರಿಟರ್ನ್‌ನಲ್ಲಿ ತೋರಿಸಬೇಕು. ಭಾರತದ ಖಾತೆಗಳ ಒಟ್ಟು ಮೊತ್ತ ವರ್ಷದ ಯಾವುದೇ ದಿನ 10,000 ಡಾಲರ್ ದಾಟಿದ್ದರೆ ಎಫ್‌ಬಾರ್ (ವಿದೇಶಿ ಖಾತೆಗಳ ವರದಿ) ಬೇರೆ ಸಲ್ಲಿಸಬೇಕು. ಮಗನ ಮನೆಯಲ್ಲಿರುವ ಅಪ್ಪ-ಅಮ್ಮಂದಿರಲ್ಲಿ ಬಹಳ ಮಂದಿ ‘ನಮಗೆ ಇಲ್ಲಿ ಸಂಪಾದನೆಯೇ ಇಲ್ಲವಲ್ಲ’ ಎಂದು ಇದ್ಯಾವುದನ್ನೂ ಮಾಡಿರುವುದಿಲ್ಲ.

ಅದು ಕಚ್ಚುವುದು ಕಾರ್ಡ್ ಕೊಡುವಾಗ. ಕಳೆದ 15 ವರ್ಷಗಳಲ್ಲಿ 8 ವರ್ಷ ಕಾರ್ಡ್ ಇಟ್ಟುಕೊಂಡವರು ಅದನ್ನು ಬಿಟ್ಟಾಗ ಅಮೆರಿಕದ ತೆರಿಗೆ ಇಲಾಖೆಗೆ ಫಾರ್ಮ್ 8854 ಕೊಡಬೇಕು. ಎಣಿಕೆ ಕ್ಯಾಲೆಂಡರ್ ವರ್ಷದ ಮೇಲೆ; ಒಂದೇ ದಿನವಿದ್ದರೂ ಇಡೀ ವರ್ಷವೆಂದೇ ಲೆಕ್ಕ. 2018ರ ಡಿಸೆಂಬರ್‌ನಲ್ಲಿ ಕಾರ್ಡ್ ಬಂದವರಿಗೆ 2025ರ ಜನವರಿ 1ಕ್ಕೇ ಎಂಟನೆಯ ವರ್ಷ. ನಿಮ್ಮದಂತೂ ಎಂದೋ ದಾಟಿದೆ. ಆ ಫಾರ್ಮ್‌ನಲ್ಲಿ ಹಿಂದಿನ 5 ವರ್ಷಗಳ ತೆರಿಗೆ ನಿಯಮಗಳನ್ನು ಪೂರ್ತಿ ಪಾಲಿಸಿದ್ದೇನೆ ಎಂದು ಪ್ರಮಾಣ ಮಾಡಬೇಕು. ಹೀಗೆ ಬಿಟ್ಟುಹೋಗುವವರ ಆಸ್ತಿಯ ಮೇಲೆ ಹಾಕುವ ನಿರ್ಗಮನ ತೆರಿಗೆ 20 ಲಕ್ಷ ಡಾಲರ್ ಆಸ್ತಿಯಿದ್ದವರಿಗೆ ಮಾತ್ರ ಎಂದು ನಂಬಿದವರು ಬಹಳ. ಈ ಪ್ರಮಾಣ ಮಾಡಲಾಗದವರೂ, ಆಸ್ತಿ ಎಷ್ಟೇ ಕಡಿಮೆಯಿರಲಿ, ಅದೇ ಗುಂಪಿಗೆ ಸೇರುತ್ತಾರೆ. ಆಮೇಲೆ ನೀವು ಅಮೆರಿಕದ ಮಗನಿಗೆ ಕೊಡುವ ದೊಡ್ಡ ಉಡುಗೊರೆ, ಬಿಟ್ಟುಹೋಗುವ ಆಸ್ತಿಯ ಮೇಲೂ ಅವನು ತೆರಿಗೆ ಕಟ್ಟಬೇಕಾದೀತು.

ಗೊತ್ತಿಲ್ಲದೆ ಬಿಟ್ಟವರಿಗೆ ಸರಿಪಡಿಸಿಕೊಳ್ಳುವ ‘ಸ್ಟ್ರೀಮ್‌ಲೈನ್ಡ್’ ದಾರಿಯಿದೆ: 3 ವರ್ಷದ ರಿಟರ್ನ್, 6 ವರ್ಷದ ಎಫ್‌ಬಾರ್. ಅಮೆರಿಕದಲ್ಲೇ ಇದ್ದು ಮಾಡಿದರೆ ತೋರಿಸದೆ ಬಿಟ್ಟ ಹೊರದೇಶದ ಹಣಕಾಸು ಆಸ್ತಿಯ ಮೇಲೆ ಶೇ. 5 ದಂಡ, ಅದೂ ಸಲ್ಲಿಸಬೇಕಿದ್ದ ರಿಟರ್ನ್‌ಗಳನ್ನು ಮೊದಲೇ ಸಲ್ಲಿಸಿದ್ದವರಿಗೆ ಮಾತ್ರ ಈ ಅವಕಾಶ. ಹಿಂದಿನ ಮೂರು ವರ್ಷಗಳಲ್ಲಿ ಒಂದರಲ್ಲಾದರೂ 330 ಪೂರ್ಣ ದಿನ ಹೊರಗಿದ್ದು, ಅಮೆರಿಕದಲ್ಲಿ ವಾಸದ ಮನೆಯಿಲ್ಲದವರಿಗೆ ದಂಡವಿಲ್ಲ. ಆದ್ದರಿಂದ ಪರ್ಮಿಟ್ ಹಿಡಿದು ಮೈಸೂರಿನಲ್ಲಿ ಒಂದು ವರ್ಷ ಕಳೆದು, ನಂತರ ಲೆಕ್ಕ ಸರಿಪಡಿಸಿ, ಕಡೆಗೆ ಕಾರ್ಡ್ ಕೊಡುವುದೇ ನಿಮಗೆ ಅನುಕೂಲ. ಮೂರು ವರ್ಷದ್ದು ಮಾತ್ರ ಕೊಟ್ಟರೆ 8854ರ ಐದು ವರ್ಷ ತುಂಬುವುದಿಲ್ಲ. ಉಳಿದೆರಡನ್ನೂ ಸೇರಿಸಿ ಎಂದು ಲೆಕ್ಕಿಗರಿಗೆ ಬಾಯಿಬಿಟ್ಟು ಹೇಳಿ. ಈ ನಡುವೆ ಯಾರಾದರೂ ‘ತೆರಿಗೆ ಒಪ್ಪಂದದ ಪ್ರಕಾರ ನೀವು ಭಾರತದ ನಿವಾಸಿ ಎಂದು ಫಾರ್ಮ್ 8833 ಹಾಕೋಣ’ ಎಂದರೆ ಒಪ್ಪಬೇಡಿ. ನಿಮ್ಮಂತೆ 8 ವರ್ಷ ದಾಟಿದವರು ಹಾಗೆ ಹಾಕಿದರೆ ತೆರಿಗೆಯ ಲೆಕ್ಕದಲ್ಲಿ ಕಾರ್ಡ್ ಅಂದೇ ಕೊಟ್ಟಂತೆ.

ಕಾರ್ಡ್ ಕೊಡುವುದು ಫಾರ್ಮ್ ಐ-407ರಲ್ಲಿ, ಅಂಚೆಯಲ್ಲಿ. ಶುಲ್ಕವಿಲ್ಲ. ಪ್ರತಿ ಇಟ್ಟುಕೊಳ್ಳಿ, ಮುಂದೆ ಮೊಮ್ಮಕ್ಕಳನ್ನು ನೋಡಲು ಬಿ-2 ಪ್ರವಾಸಿ ವೀಸಾ ಕೇಳುವಾಗ ಅದೇ ನಿಮ್ಮ ಒಳ್ಳೆಯ ದಾಖಲೆ. ನೀವು ಕಾರ್ಡ್ ಬಿಟ್ಟು ದೇಶ ಬಿಟ್ಟಮೇಲೆ ಗ್ರೀನ್ ಕಾರ್ಡ್ ಮಾಡಿಸುವಾಗ ಮಗ ಬರೆದುಕೊಟ್ಟ ಪೋಷಣೆಯ ಮುಚ್ಚಳಿಕೆಯೂ ಕೊನೆಯಾಗುತ್ತದೆ.

ಪ್ರಶ್ನೆ: ಇಬ್ಬರೂ ಅಮೆರಿಕದ ಪೌರರು, ಓಸಿಐ (ಭಾರತದ ಸಾಗರೋತ್ತರ ಪೌರತ್ವದ ಕಾರ್ಡ್) ಇದೆ. 401(ಕೆ) ನಿವೃತ್ತಿ ಉಳಿತಾಯ, ಸೋಷಿಯಲ್ ಸೆಕ್ಯೂರಿಟಿ ಪಿಂಚಣಿ, ಸ್ವಂತ ಮನೆ. ಬೆಂಗಳೂರಿಗೆ ಮರಳುವುದು ನಿಶ್ಚಯವಾಗಿದೆ. ಯಾವ ತಿಂಗಳು ಹೊರಡಬೇಕು, ಮನೆ ಮಾರಬೇಕೆ, ಮೆಡಿಕೇರ್ (ಹಿರಿಯರ ಸರ್ಕಾರಿ ಆರೋಗ್ಯ ವಿಮೆ) ಬಿಡಬೇಕೆ?
– ಓದುಗ ದಂಪತಿ, ಎಡಿಸನ್, ನ್ಯೂಜೆರ್ಸಿ

ಉತ್ತರ: ಭಾರತದ ಆರ್ಥಿಕ ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ. ಬಂದ ವರ್ಷ ಅನಿವಾಸಿಯಾಗಿಯೇ ಉಳಿಯುವುದು ಉದ್ದೇಶ. ಹಿಂದಿನ 4 ವರ್ಷಗಳಲ್ಲಿ ನೀವು ಭಾರತದಲ್ಲಿ ಕಳೆದದ್ದು 365 ದಿನಕ್ಕಿಂತ ಕಡಿಮೆಯಾದರೆ ಈ ವರ್ಷ 182 ದಿನ ತುಂಬಬಾರದು. ಗಾಂಧಿ ಜಯಂತಿ ಕಳೆದಮೇಲೆ ಇಳಿದರೆ ಸಾಕು. 365 ತುಂಬಿದ್ದರೆ ಮಿತಿ 60 ದಿನ. ಆಗ ಫೆಬ್ರುವರಿ 1ಕ್ಕೆ ಇಳಿದರೆ 28 ಮತ್ತು 31 ಸೇರಿ 59 ದಿನ. 2028ರಂಥ ಅಧಿಕ ವರ್ಷದಲ್ಲಿ ಒಂದು ದಿನ ತಡವಾಗಿ ಬನ್ನಿ. ಅದೇ ಏಪ್ರಿಲ್‌ನಿಂದೀಚೆಗೆ ಬಂದುಹೋದ ದಿನಗಳೂ ಲೆಕ್ಕಕ್ಕೆ ಸೇರುತ್ತವೆ, ಮರೆಯಬೇಡಿ.

ನಂತರದ ಎರಡು ವರ್ಷ ಸಾಮಾನ್ಯವಾಗಿ ನೀವು ‘ನಿವಾಸಿ, ಆದರೆ ಸಾಮಾನ್ಯ ನಿವಾಸಿಯಲ್ಲ’ ಎಂಬ ವರ್ಗದಲ್ಲಿರುತ್ತೀರಿ. ಅಮೆರಿಕದ ಆದಾಯಕ್ಕೆ ಆ ಎರಡು ವರ್ಷ ಭಾರತದಲ್ಲಿ ತೆರಿಗೆಯಿಲ್ಲ. ಮನೆ ಮಾರುವುದಾದರೆ ಈ ಅವಧಿಯಲ್ಲೇ ಮಾರಿ. ಕಾರಣ ಎರಡು. ಹಿಂದಿನ 5 ವರ್ಷಗಳಲ್ಲಿ 2 ವರ್ಷ ನೀವೇ ವಾಸಿಸಿದ್ದರೆ ದಂಪತಿಗೆ 5 ಲಕ್ಷ ಡಾಲರ್‌ವರೆಗಿನ ಲಾಭಕ್ಕೆ ಅಮೆರಿಕದಲ್ಲಿ ತೆರಿಗೆಯಿಲ್ಲ, ಅಂದರೆ ಬಿಟ್ಟು ಬಂದ 3 ವರ್ಷದೊಳಗೆ ಮಾರಾಟ ಮುಗಿಯಬೇಕು. ಆದರೆ ಮೂರನೆಯ ವರ್ಷಕ್ಕೆ ನೀವು ಭಾರತದ ಪೂರ್ಣ ನಿವಾಸಿಗಳಾಗಿರುತ್ತೀರಿ, ಭಾರತ ಆ ವಿನಾಯಿತಿ ಕೊಡುವುದಿಲ್ಲ. ‘ಬಾಡಿಗೆಗೆ ಕೊಟ್ಟಿರೋಣ, ನೋಡೋಣ’ ಎಂದವರು ಸಿಕ್ಕಿಕೊಳ್ಳುವುದು ಈ ಮೂರನೆಯ ವರ್ಷದಲ್ಲಿ.

ಪೂರ್ಣ ನಿವಾಸಿಗಳಾದ ಮೊದಲ ವರ್ಷ 401(ಕೆ)ಗೆ ಹಳೆಯ ಕಾಯ್ದೆಯ 89ಎ ಕಲಮಿನ ಸೌಲಭ್ಯ ಕೇಳಿ. ಹಣ ತೆಗೆದಾಗ ಮಾತ್ರ ಭಾರತದ ತೆರಿಗೆ, ಒಳಗೆ ಬೆಳೆಯುವಾಗ ಇಲ್ಲ. ಅದರ ಅರ್ಜಿ ಫಾರ್ಮ್ 10-ಇಇ ಆಗಿತ್ತು. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಬಂದಿರುವುದರಿಂದ ಈಗಿನ ಸಂಖ್ಯೆಗಳನ್ನು ಆಡಿಟರ್ ಬಳಿ ಕೇಳಿ. ಸೋಷಿಯಲ್ ಸೆಕ್ಯೂರಿಟಿ ಹಣಕ್ಕೆ ಎರಡು ದೇಶಗಳ ಒಪ್ಪಂದದ ಪ್ರಕಾರ ಅಮೆರಿಕದಲ್ಲಷ್ಟೇ ತೆರಿಗೆ. ಆ ಇಲಾಖೆಯಿಂದ ಆಗಾಗ ‘ಬದುಕಿದ್ದೀರಾ’ ಎಂದು ವಿಚಾರಿಸುವ ಎಸ್‌ಎಸ್‌ಎ-7162 ಪತ್ರ ಬರುತ್ತದೆ. ಅದಕ್ಕೆ ಉತ್ತರಿಸದಿದ್ದರೆ ಹಣ ನಿಲ್ಲುತ್ತದೆ. ಬೆಂಗಳೂರಿನ ವಿಳಾಸವನ್ನು ಪಿನ್‌ಕೋಡ್ ಸಮೇತ ಸರಿಯಾಗಿ ಕೊಡಿ.

ಬೆಂಗಳೂರಿಗೆ ಬಂದೊಡನೆ ಬ್ಯಾಂಕಿನವರು ಮ್ಯೂಚುವಲ್ ಫಂಡ್ ಹಿಡಿದು ಬರುತ್ತಾರೆ. ಅಮೆರಿಕದ ಪೌರರಿಗೆ ಅದು ಬೇಡವೇ ಬೇಡ. ಅಲ್ಲಿನ ತೆರಿಗೆ ಇಲಾಖೆ ಅದನ್ನು ‘ಪಿಫಿಕ್’ (ಒಂದು ಬಗೆಯ ವಿದೇಶಿ ಹೂಡಿಕೆ ಕಂಪನಿ) ಎಂದು ಹಿಡಿದು ಅತಿ ಕಠಿಣ ತೆರಿಗೆ ಹಾಕುತ್ತದೆ, ಒಂದೊಂದು ಫಂಡಿಗೂ ಒಂದೊಂದು ಫಾರ್ಮ್ 8621. ಲೆಕ್ಕಿಗರ ಶುಲ್ಕವೇ ಲಾಭವನ್ನು ತಿಂದುಹಾಕುತ್ತದೆ. ಠೇವಣಿ ಇಡಿ, ಬೇಕಾದರೆ ನೇರವಾಗಿ ಷೇರು ಕೊಳ್ಳಿ. ಅನಿವಾಸಿಗಳ ಎನ್‌ಆರ್‌ಇ ಖಾತೆಯನ್ನು ನಿವಾಸಿ ಖಾತೆಯಾಗಿ ಬದಲಿಸಿ, ಡಾಲರ್‌ಗಳನ್ನು ಆರ್‌ಎಫ್‌ಸಿ (ನಿವಾಸಿಗಳ ವಿದೇಶಿ ಕರೆನ್ಸಿ) ಖಾತೆಯಲ್ಲಿಡಿ.

ಮೆಡಿಕೇರ್ ಭಾರತದಲ್ಲಿ ಒಂದು ಕಾಸೂ ಕೊಡುವುದಿಲ್ಲ. ಅದರಲ್ಲಿ ಆಸ್ಪತ್ರೆ ಖರ್ಚಿನ ಪಾರ್ಟ್ ಎ ಉಚಿತವಾಗಿದ್ದರೆ ಇರಲಿ. ವೈದ್ಯರ ಖರ್ಚಿನ ಪಾರ್ಟ್ ಬಿಗೆ 2026ರಲ್ಲಿ ತಲೆಗೆ ತಿಂಗಳಿಗೆ 202.90 ಡಾಲರ್. ಬಿಟ್ಟು ಮತ್ತೆ ಸೇರಿದರೆ ಹೊರಗಿದ್ದ ಪ್ರತಿ 12 ತಿಂಗಳಿಗೆ ಶೇ. 10 ದಂಡ, ಜೀವನಪರ್ಯಂತ. ಹೆದರಿಸುವ ಮಾತು, ಆದರೆ ಲೆಕ್ಕ ಹಾಕಿ ನೋಡಿ: 3 ವರ್ಷ ಬಿಟ್ಟರೆ ಉಳಿಯುವುದು ಸುಮಾರು 7,300 ಡಾಲರ್, ದಂಡ ತಿಂಗಳಿಗೆ ಸುಮಾರು 61. ಉಳಿಸಿದ್ದು ಕರಗಲು 10 ವರ್ಷ ಬೇಕು. ನಿಜವಾದ ತೊಂದರೆ ಬೇರೆ: ಮತ್ತೆ ಸೇರಲು ಜನವರಿಯಿಂದ ಮಾರ್ಚ್‌ವರೆಗೆ ಮಾತ್ರ ಅವಕಾಶ. ಮೇ ತಿಂಗಳಲ್ಲಿ ಕ್ಯಾನ್ಸರ್ ಗೊತ್ತಾದರೆ ಮುಂದಿನ ವರ್ಷದವರೆಗೆ ಕಾಯಬೇಕು. ದೊಡ್ಡ ಚಿಕಿತ್ಸೆಗೆ ಮಕ್ಕಳ ಹತ್ತಿರವೇ ಹೋಗುವವರು ಎಂದಾದರೆ ಪಾರ್ಟ್ ಬಿ ಕಟ್ಟುತ್ತಿರಿ. ಇಲ್ಲವೆಂದಾದರೆ ಬಿಡಿ, ಆದರೆ ಅದಕ್ಕೂ ಮೊದಲು ಭಾರತದ ಆರೋಗ್ಯ ವಿಮೆ ಕೈಗೆ ಬಂದಿರಲಿ. 2024ರ ಏಪ್ರಿಲ್‌ನಿಂದ 65 ದಾಟಿದವರಿಗೂ ವಿಮೆ ಕೊಡಲು ಅಡ್ಡಿಯಿಲ್ಲ, ಮೊದಲೇ ಇದ್ದ ಕಾಯಿಲೆಗೆ ಕಾಯುವ ಅವಧಿ ಹೆಚ್ಚೆಂದರೆ 36 ತಿಂಗಳು. ಸಕ್ಕರೆ, ಬಿಪಿ ಮುಚ್ಚಿಡಬೇಡಿ. ಕ್ಲೇಮ್ ತಿರಸ್ಕಾರವಾಗುವುದು ಅಲ್ಲೇ.

ಹೊರಡುವ ಮುನ್ನ ಇನ್ನೊಂದು ಸಣ್ಣ ಕೆಲಸ: ಅಮೆರಿಕದ ಫೋನ್ ನಂಬರ್. ಬ್ಯಾಂಕಿನ ಒಟಿಪಿ ಅದಕ್ಕೇ ಬರುತ್ತದೆ. ಇಂಟರ್‌ನೆಟ್ ನಂಬರ್‌ಗಳನ್ನು ಕೆಲವು ಬ್ಯಾಂಕುಗಳು ಒಪ್ಪುವುದಿಲ್ಲ. ಕಡಿಮೆ ದರದ ಪ್ಲಾನಿಗೆ ಬದಲಿಸಿ, ವೈ-ಫೈ ಕಾಲಿಂಗ್ ಅನ್ನು ಅಲ್ಲಿರುವಾಗಲೇ ಆನ್ ಮಾಡಿಸಿಕೊಳ್ಳಿ.

ಪ್ರಶ್ನೆ: ಮೈಕ್ರೋವೇವ್, ಇನ್‌ಸ್ಟಂಟ್ ಪಾಟ್, ಟ್ರೆಡ್‌ಮಿಲ್ ತರಬಹುದೆ? ಔಷಧಿ ಎಷ್ಟು ತರಬೇಕು?
– ಓದುಗರು, ಪ್ಲೇನೋ, ಟೆಕ್ಸಾಸ್

ಉತ್ತರ: ಅಲ್ಲೇ ಯಾರಿಗಾದರೂ ಕೊಟ್ಟುಬಿಡಿ. ಟ್ರಾನ್ಸ್‌ಫಾರ್ಮರ್ ವೋಲ್ಟೇಜನ್ನು 230ರಿಂದ 110ಕ್ಕೆ ಇಳಿಸುತ್ತದೆ, ಆದರೆ ನಮ್ಮ 50 ಹರ್ಟ್ಸ್ ಅನ್ನು ಅಲ್ಲಿಯ 60 ಮಾಡಲಾರದು. ಮೋಟಾರು ನಿಧಾನ ತಿರುಗಿ ಬಿಸಿಯಾಗುತ್ತದೆ, ಮೈಕ್ರೋವೇವ್ ಒಳಗಿನ ಟ್ರಾನ್ಸ್‌ಫಾರ್ಮರ್ ಸುಡುತ್ತದೆ. ಅಡಾಪ್ಟರ್ ಮೇಲೆ 100–240 ಎಂದು ಬರೆದಿದ್ದರೆ ಮಾತ್ರ ತನ್ನಿ: ಲ್ಯಾಪ್‌ಟಾಪ್, ಸಾಮಾನ್ಯವಾಗಿ ಸಿಪ್ಯಾಪ್ (ನಿದ್ದೆಯಲ್ಲಿ ಉಸಿರಾಟಕ್ಕೆ ನೆರವಾಗುವ) ಯಂತ್ರ.

ಔಷಧಿ 90 ದಿನಕ್ಕೆ, ಚೀಟಿಯಲ್ಲಿ ಬ್ರ್ಯಾಂಡ್ ಹೆಸರಿನ ಜೊತೆ ಜೆನೆರಿಕ್ ಹೆಸರು. ಇನ್ಸುಲಿನ್ ಚುಚ್ಚಿಕೊಳ್ಳುವವರು ಎಚ್ಚರ: ಅಮೆರಿಕದ ಬಾಟಲಿಯಲ್ಲಿ ಸಾಮಾನ್ಯವಾಗಿ ಮಿಲಿಲೀಟರಿಗೆ 100 ಯೂನಿಟ್, ಇಲ್ಲಿ ಸಾಮಾನ್ಯವಾಗಿ ಸಿಗುವ ಬಾಟಲಿಗಳಲ್ಲಿ 40. ಅಲ್ಲಿಯ ಸಿರಿಂಜಿನಲ್ಲಿ ಇಲ್ಲಿಯ ಇನ್ಸುಲಿನ್ ಎಳೆದರೆ ಬೇಕಾದ್ದರಲ್ಲಿ ಐದನೇ ಎರಡು ಭಾಗ ಮಾತ್ರ ಮೈ ಸೇರುತ್ತದೆ. ಬಾಟಲಿಯ ಜೊತೆಗೆ ಅದರದೇ 40ರ ಸಿರಿಂಜ್ ಕೊಳ್ಳಿ. ಸ್ಕ್ಯಾನ್‌ಗಳ ವರದಿ ಕಾಗದ ಮಾತ್ರ ಸಾಲದು, ಚಿತ್ರಗಳಿರುವ ಸಿಡಿಯನ್ನೂ ಕೇಳಿ ಪಡೆಯಿರಿ.

ಪ್ರಶ್ನೆ: ಯಜಮಾನರು ತೀರಿಕೊಂಡರು. ನಾನು ಅಮೆರಿಕದ ಪೌರಳು, ಮಂಡ್ಯದ ಹತ್ತಿರ ನಮ್ಮ ಜಮೀನಿದೆ. ಪಾಸ್‌ಪೋರ್ಟಿನಲ್ಲಿ, ಪ್ಯಾನ್‌ನಲ್ಲಿ, ಪಹಣಿಯಲ್ಲಿ ನನ್ನ ಹೆಸರು ಮೂರು ತರಹ ಇದೆ.
– ಓದುಗರು, ಚಿಕಾಗೊ

ಉತ್ತರ: ಇನಿಷಿಯಲ್ ಬಿಡಿಸಿ ಸರ್‌ನೇಮ್ ಮಾಡಿದ್ದರ ಫಲ ಇದು, ನಮ್ಮ ಕಡೆಯವರಿಗೆ ತಪ್ಪಿದ್ದಲ್ಲ. ಮೂರೂ ಹೆಸರು ಒಬ್ಬರದೇ ಎಂದು ಅಫಿಡವಿಟ್ ಮಾಡಿಸಿ, ಮೊದಲು ಓಸಿಐ ಪಾಸ್‌ಪೋರ್ಟಿನಂತೆ, ನಂತರ ಪ್ಯಾನ್ ಓಸಿಐನಂತೆ ತಿದ್ದಿಸಿ. ಆಧಾರ್‌ಗೆ ಹಿಂದಿನ 12 ತಿಂಗಳಲ್ಲಿ 182 ದಿನ ಭಾರತದಲ್ಲಿರಬೇಕು, ಆದ್ದರಿಂದ ಅದು ಕೊನೆಗೆ. ಜಮೀನು ಪಿತ್ರಾರ್ಜಿತವಾಗಿಯೋ ಯಜಮಾನರಿಂದಲೋ ಬಂದದ್ದಾದರೆ ಇಟ್ಟುಕೊಳ್ಳಬಹುದು. ಓಸಿಐ ಇದ್ದವರು ಹೊಸದಾಗಿ ಕೃಷಿ ಜಮೀನು ಕೊಳ್ಳುವಂತಿಲ್ಲ. ಮಾರಿದರೂ ಭಾರತದಲ್ಲಿ ವಾಸಿಸುವ ಭಾರತದ ಪೌರರಿಗೇ ಮಾರಬೇಕು. ತಮ್ಮನಿಗೆ ಅಲ್ಲಿಂದಲೇ ಜಿಪಿಎ (ಸಾಮಾನ್ಯ ಅಧಿಕಾರ ಪತ್ರ) ಕಳಿಸುವುದಾದರೆ, ಅದು ಇಲ್ಲಿಗೆ ಬಂದ 3 ತಿಂಗಳೊಳಗೆ ಮುದ್ರಾಂಕ ಹಾಕಿಸಬೇಕು. ಬೀರುವಿನಲ್ಲಿಟ್ಟು ಮರೆತರೆ ಉಪನೋಂದಣಾಧಿಕಾರಿ ಕಚೇರಿಯಿಂದ ವಾಪಸ್ ಬರುತ್ತೀರಿ.