ಹನೋಯ್‌ನ ಮೊದಲ ಮೂರು ದಿನ: ನಾಲ್ವರು ಗೆಳೆಯರು, ನಾಲ್ಕು ಬ್ಯಾಗು

ನಿಮ್ಮ ಪ್ರಶ್ನೆ ಇಷ್ಟು: ಬೆಂಗಳೂರಿನಿಂದ ನಾಲ್ವರು ಗೆಳೆಯರು ಮೊದಲ ಸಲ ವಿದೇಶಕ್ಕೆ ಹೊರಟಿದ್ದೀರಿ. ಹನೋಯ್, ಹ್ವೇ, ಡಾ ನಾಂಗ್, ಹೋಯ್ ಆನ್ ಅಂತ ವಿಯೆಟ್ನಾಂ ಸುತ್ತಬೇಕು. ಇಬ್ಬರು ಸಸ್ಯಾಹಾರಿಗಳು. ಮೊದಲ ದಿನಗಳನ್ನು ಹೇಗೆ ಹೊಂದಿಸಬೇಕು, ಎಲ್ಲಿ ಎಡವಟ್ಟಾಗುತ್ತದೆ?

ಎಡವಟ್ಟಾಗುವುದು ಹೆಚ್ಚಾಗಿ ಇಳಿದ ಮೊದಲ ಐದಾರು ಗಂಟೆಗಳಲ್ಲಿ. ನಿದ್ದೆ ಇಲ್ಲ, ಹೊಸ ನೋಟು, ಫೋನಿಗೆ ಇಂಟರ್ನೆಟ್ ಇಲ್ಲ, ನಾಲ್ವರದು ನಾಲ್ಕು ಅಭಿಪ್ರಾಯ. ಆ ಹೊತ್ತಿನಲ್ಲಿ ಯಾವ ನಿರ್ಧಾರವನ್ನೂ ಹೊಸದಾಗಿ ಮಾಡದಂತೆ ಎಲ್ಲವನ್ನೂ ಇಲ್ಲಿಂದಲೇ ಮುಗಿಸಿಕೊಂಡು ಹೋಗಿ.

ಮೊದಲು ಇ-ವೀಸಾ. ಒಂದು ಸಲದ ಪ್ರವೇಶಕ್ಕೆ 25 ಡಾಲರ್, 90 ದಿನದವರೆಗೆ ಸಿಗುತ್ತದೆ. ಸರ್ಕಾರಿ ತಾಣದ ವಿಳಾಸ ‘ಜಿಒವಿ ಡಾಟ್ ವಿಎನ್’ ಎಂದು ಮುಗಿಯಬೇಕು; ಹುಡುಕಿದಾಗ ಮೇಲೆ ಬರುವ ಬೇರೆ ತಾಣಗಳು ಏಜೆಂಟರವು. ನಮ್ಮವರು ಸಿಕ್ಕಿಬೀಳುವುದು ಹೆಸರಿನಲ್ಲಿ. ಅಪ್ಪನ ಹೆಸರೋ ಊರೋ ಇನಿಷಿಯಲ್ ಆಗಿ, ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಖಾಲಿ ಇರುವವರು ನಮ್ಮಲ್ಲಿ ಬಹಳ. ಅಂಥವರು ಅರ್ಜಿಗೆಂದು ಹೊಸ ಸರ್‌ನೇಮ್ ಹುಟ್ಟಿಸಬಾರದು. ಪಾಸ್‌ಪೋರ್ಟಿನ ಫೋಟೊ ಪುಟದ ಕೆಳಗೆ ಬಾಣದ ಗುರುತುಗಳಿರುವ ಎರಡು ಸಾಲು ಇದೆಯಲ್ಲ, ಅಲ್ಲಿ ಹೆಸರು ಹೇಗಿದೆಯೋ ಹಾಗೇ ಬರೆಯಿರಿ. ಒಂದಕ್ಷರ ತಪ್ಪಿದರೂ ದುಡ್ಡು ವಾಪಸ್ ಬರುವುದಿಲ್ಲ, ಹೊಸ ಅರ್ಜಿಯೇ ಗತಿ. ಮೂರು ಕೆಲಸದ ದಿನ ಎನ್ನುತ್ತಾರೆ, ಮೂರು ವಾರ ಮೊದಲೇ ಹಾಕಿ. ಮುದ್ರಿಸಿದ ಎರಡು ಪ್ರತಿ ಕೈಯಲ್ಲಿರಲಿ.

ಬ್ಯಾಂಕ್ ಆ್ಯಪ್‌ನಲ್ಲಿ ಕಾರ್ಡಿನ ವಿದೇಶಿ ಬಳಕೆಯನ್ನು ಆನ್ ಮಾಡಿ. 2020ರ ಅಕ್ಟೋಬರ್‌ನಿಂದ ಹೊಸ ಕಾರ್ಡುಗಳಲ್ಲಿ ಅದು ಬಂದ್ ಆಗಿಯೇ ಬರುತ್ತದೆ. ಅಲ್ಲಿ ಗಾಡಿ ಕರೆಯುವ ಗ್ರ್ಯಾಬ್ ಆ್ಯಪ್‌ಗೂ (ನಮ್ಮ ಓಲಾ, ಊಬರ್ ಇದ್ದ ಹಾಗೆ) ಇಲ್ಲಿಯೇ ನೋಂದಾಯಿಸಿಕೊಳ್ಳಿ. ಅಲ್ಲಿ ಇಳಿದು ಸಿಮ್ ಬದಲಿಸಿದ ಮೇಲೆ ಭಾರತದ ನಂಬರಿಗೆ ಬರುವ ಓಟಿಪಿ ಸಿಗುವುದಿಲ್ಲ.

ನೋಯ್ ಬಾಯ್ ವಿಮಾನ ನಿಲ್ದಾಣದಿಂದ ಹಳೆ ಪೇಟೆ ಮೂವತ್ತು ಕಿಲೋಮೀಟರಿನ ಆಸುಪಾಸು. ಹಗಲಾದರೆ 86ನೇ ನಂಬರ್ ಬಸ್ ಹತ್ತಿ, ತಲೆಗೆ 45,000 ಡಾಂಗ್ (ವಿಯೆಟ್ನಾಂ ಹಣ), ಹಳೆ ಪೇಟೆಯ ಪಕ್ಕದಲ್ಲಿ ಹಾದು ರೈಲು ನಿಲ್ದಾಣದವರೆಗೆ ಹೋಗುತ್ತದೆ. ರಾತ್ರಿ ಹತ್ತರ ಮೇಲೆ ಬಸ್ಸನ್ನು ನಂಬಬೇಡಿ, ಗ್ರ್ಯಾಬ್ ಮಾಡಿ, ಅದೂ ಏಳು ಸೀಟಿನದು. ನಾಲ್ಕು ಸೀಟಿನ ಗಾಡಿಯಲ್ಲಿ ನಾಲ್ವರು ಕೂರಬಹುದು, ನಾಲ್ಕು ದೊಡ್ಡ ಬ್ಯಾಗ್ ಹಿಡಿಸುವುದಿಲ್ಲ. ಹೊರಗೆ ಬಂದ ಕೂಡಲೇ ‘ಗ್ರ್ಯಾಬ್, ಗ್ರ್ಯಾಬ್’ ಎಂದು ಕರೆಯುವವರ ಹಿಂದೆ ಹೋಗದೆ, ಆ್ಯಪ್‌ನಲ್ಲಿರುವ ನಂಬರ್ ಪ್ಲೇಟ್ ನೋಡಿಯೇ ಹತ್ತಿ. ಶುಕ್ರವಾರ ಸಂಜೆಯಿಂದ ಭಾನುವಾರ ರಾತ್ರಿಯವರೆಗೆ ಹೋವಾನ್ ಕಿಯೆಮ್ ಕೆರೆಯ ಸುತ್ತಲಿನ ಬೀದಿಗಳಿಗೆ ವಾಹನ ಬಿಡುವುದಿಲ್ಲ ಎಂಬುದೂ ನೆನಪಿರಲಿ. ಹಾಸ್ಟೆಲ್ ಆ ಭಾಗದಲ್ಲಿದ್ದರೆ ಕೊನೆಯ ಅರ್ಧ ಕಿಲೋಮೀಟರ್ ಬ್ಯಾಗ್ ಹೊತ್ತು ನಡೆಯಬೇಕಾದೀತು.

ಹಾಸ್ಟೆಲ್‌ನಲ್ಲಿ ಪಾಸ್‌ಪೋರ್ಟ್ ಕೇಳುತ್ತಾರೆ, ಗಾಬರಿ ಬೇಡ. ತಂಗಿರುವ ವಿದೇಶಿಯರ ವಿವರವನ್ನು ಅವರು ಪೊಲೀಸರಿಗೆ ಕೊಡಲೇಬೇಕು. ಆದರೆ ಅಲ್ಲೇ ಇಟ್ಟುಕೊಳ್ಳಲು ಬಿಡದೆ, ಅವರ ಕೆಲಸ ಮುಗಿದ ತಕ್ಷಣ ನಾಲ್ಕನ್ನೂ ಎಣಿಸಿ ವಾಪಸ್ ಪಡೆಯಿರಿ.

ಇನ್ನು ದುಡ್ಡು. ಒಂದು ರೂಪಾಯಿಗೆ ಸುಮಾರು 300 ಡಾಂಗ್. ಲಕ್ಷ ಡಾಂಗ್ ಎಂದರೆ ಮುನ್ನೂರ ಮೂವತ್ತು ರೂಪಾಯಿ ಅಂತ ಬಾಯಿಪಾಠ ಮಾಡಿಕೊಂಡರೆ ಲೆಕ್ಕ ಸಲೀಸು. ಅಪಾಯ ಇರುವುದು 20,000 ಮತ್ತು 5,00,000 ನೋಟುಗಳಲ್ಲಿ. ಎರಡೂ ನೀಲಿ ಛಾಯೆಯ ಪ್ಲಾಸ್ಟಿಕ್ ನೋಟು, ಎರಡರ ಮೇಲೂ ಹೋ ಚಿ ಮಿನ್ ಮುಖ. ಮಬ್ಬು ಬೆಳಕಿನಲ್ಲಿ ಮಡಚಿಟ್ಟ ನೋಟು ತೆಗೆದರೆ 66 ರೂಪಾಯಿ ಕೊಡುವ ಕಡೆ 1,650 ರೂಪಾಯಿ ಕೊಟ್ಟಿರುತ್ತೀರಿ. ನೋಟಿನ ಹಿಂಬದಿ ನೋಡಿ: ಸೂರಿರುವ ಸೇತುವೆ ಕಂಡರೆ 20,000 (ಅದೇ ಸೇತುವೆಯನ್ನು ಮುಂದೆ ಹೋಯ್ ಆನ್‌ನಲ್ಲಿ ದಾಟುತ್ತೀರಿ), ಹಳ್ಳಿಯ ಹುಲ್ಲಿನ ಮನೆ ಕಂಡರೆ ಐದು ಲಕ್ಷ. ಐದು ಲಕ್ಷದ ನೋಟುಗಳನ್ನು ಬೇರೆ ಜೇಬಿನಲ್ಲೇ ಇಡಿ. ಎಟಿಎಂ ‘ರೂಪಾಯಿಗೆ ಪರಿವರ್ತಿಸಲೇ’ ಎಂದು ಕೇಳಿದರೆ ಬೇಡ ಅನ್ನಿ, ಅದರ ದರ ಯಾವಾಗಲೂ ನಷ್ಟದ್ದೇ.

ನಾಲ್ವರ ಗುಂಪಿಗೆ ಒಂದು ಸಾಮಾನ್ಯ ಪರ್ಸ್ ಮಾಡಿ. ತಲೆಗೆ ಹತ್ತು ಲಕ್ಷ ಡಾಂಗ್ ಹಾಕಿ, ಊಟ, ಗಾಡಿ, ಟಿಕೆಟ್ ಎಲ್ಲ ಅದರಿಂದ. ಒಬ್ಬರೇ ಹಿಡಿದಿರಲಿ, ಖಾಲಿಯಾದಾಗ ಮತ್ತೆ ಸಮನಾಗಿ ತುಂಬಿ. ಬಿಯರ್, ಶಾಪಿಂಗ್ ಅವರವರ ಸ್ವಂತ ದುಡ್ಡು. ಸಣ್ಣಪುಟ್ಟ ‘ನೀನು ಕೊಟ್ಟೆಯಾ, ನಾನು ಕೊಟ್ಟೆನಾ’ ಮಾತುಗಳಿಂದ ಒಳ್ಳೆಯ ಗೆಳೆತನ ಹಾಳಾಗಬಾರದು, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಮೊದಲ ದಿನ ಹಳೆ ಪೇಟೆ ಬಿಟ್ಟು ಹೋಗಬೇಡಿ. ‘ಹಾಂಗ್’ ಎಂದು ಶುರುವಾಗುವ ಬೀದಿಗಳೆಲ್ಲ ಒಂದೊಂದು ಸರಕಿನವು; ಹಾಂಗ್ ಬಾಕ್ ಎಂದರೆ ಬೆಳ್ಳಿಯ ಬೀದಿ, ನಮ್ಮ ಚಿಕ್ಕಪೇಟೆ, ಅಕ್ಕಿಪೇಟೆ ಇದ್ದ ಹಾಗೆ. ಕಲಿಯಬೇಕಾದ ವಿದ್ಯೆ ರಸ್ತೆ ದಾಟುವುದು. ಬೈಕುಗಳು ನಿಲ್ಲುವುದಿಲ್ಲ, ನಿಮ್ಮನ್ನು ಬಳಸಿಕೊಂಡು ಹೋಗುತ್ತವೆ. ಒಂದೇ ವೇಗದಲ್ಲಿ ನಿಧಾನವಾಗಿ ನಡೆಯಿರಿ. ಓಡಬಾರದು, ಹಿಂದೆ ಹೆಜ್ಜೆ ಇಡಬಾರದು, ಏಕೆಂದರೆ ಸವಾರ ನಿಮ್ಮ ಮುಂದಿನ ಹೆಜ್ಜೆಯನ್ನು ಲೆಕ್ಕ ಹಾಕಿ ತಿರುಗಿಸಿರುತ್ತಾನೆ. ಬಸ್ಸು, ಕಾರು ಬಂದರೆ ಮಾತ್ರ ಕಾಯಿರಿ. ನೀವು ಬೈಕ್ ಬಾಡಿಗೆಗೆ ಪಡೆಯುವ ಯೋಚನೆ ಬಿಡಿ. ನಮ್ಮ ಆರ್‌ಟಿಒ ಕೊಡುವ ಅಂತರರಾಷ್ಟ್ರೀಯ ಪರವಾನಗಿ 1949ರ ರಸ್ತೆ ಸಂಚಾರ ಒಪ್ಪಂದದ್ದು, ವಿಯೆಟ್ನಾಂ ಒಪ್ಪುವುದು 1968ರದನ್ನು. ಅಪಘಾತವಾದರೆ ವಿಮೆಯವರು ಅದನ್ನೇ ಹಿಡಿದುಕೊಳ್ಳುತ್ತಾರೆ.

ಸಸ್ಯಾಹಾರಿಗಳು ‘ಚಾಯ್’ ಎಂಬ ಪದ ಕಲಿಯಲಿ. ಬೋರ್ಡಿನ ಮೇಲೆ ಅದು ಇದ್ದರೆ ಬೌದ್ಧ ಸಸ್ಯಾಹಾರಿ ಹೋಟೆಲು, ಅಲ್ಲಿ ನಿಶ್ಚಿಂತೆ. ಬೇರೆ ಕಡೆ ‘ಮಾಂಸ ಬೇಡ’ ಎಂದಷ್ಟೇ ಹೇಳಿದರೆ ಸಾಲದು. ತರಕಾರಿ ನೂಡಲ್ಸಿನ ಸಾರು ಮೂಳೆ ಬೇಯಿಸಿದ್ದು, ಬರೀ ಸೊಪ್ಪಿನ ಪಲ್ಯಕ್ಕೂ ಮೀನಿನ ಸಾಸ್ ಬಿದ್ದಿರುತ್ತದೆ. ‘ತೋಯ್ ಆನ್ ಚಾಯ್’ ಅನ್ನಿ, ಸ್ವರದ ಏರಿಳಿತ ನಮಗೆ ಸುಲಭಕ್ಕೆ ದಕ್ಕುವುದಿಲ್ಲವಾದ್ದರಿಂದ ‘ಮಾಂಸ, ಮೀನು, ಮೀನಿನ ಸಾಸ್, ಮೂಳೆ ಸಾರು ಬೇಡ’ ಎಂದು ಅವರ ಭಾಷೆಯಲ್ಲಿ ಬರೆದದ್ದನ್ನು ಫೋನಿನಲ್ಲಿ ತೋರಿಸಿ. ಮೊಟ್ಟೆ ತಿನ್ನುವವರಾದರೆ ಮೊಟ್ಟೆ ಕಾಫಿಯನ್ನು ಬಿಡಬೇಡಿ, 1946ರಲ್ಲಿ ಹಾಲಿನ ಅಭಾವದಲ್ಲಿ ಹುಟ್ಟಿದ್ದು.

ಎರಡನೇ ದಿನ ಬೆಳಿಗ್ಗೆ ಹೋ ಚಿ ಮಿನ್ ಸಮಾಧಿ. ಬೆಳಗಿನ ಹೊತ್ತು ಮಾತ್ರ ತೆರೆದಿರುತ್ತದೆ, ಸೋಮವಾರ, ಶುಕ್ರವಾರ ಬಂದ್. ಚಡ್ಡಿ, ತೋಳಿಲ್ಲದ ಬನಿಯನ್ ನಡೆಯುವುದಿಲ್ಲ. ಅಲ್ಲಿಂದ ನಡೆದೇ 1070ರ ಸಾಹಿತ್ಯ ದೇಗುಲ ವಾನ್ ಮಿಯೂಗೆ ಹೋಗಿ. ಕಲ್ಲಿನ ಆಮೆಗಳ ಬೆನ್ನ ಮೇಲೆ 82 ಶಾಸನಗಳು ನಿಂತಿವೆ, ರಾಜಪರೀಕ್ಷೆ ಗೆದ್ದ ವಿದ್ವಾಂಸರ ಹೆಸರುಗಳು.

ಮೂರನೇ ದಿನಕ್ಕೆ ಎಲ್ಲರೂ ಹಾ ಲಾಂಗ್ ಕೊಲ್ಲಿ ಎನ್ನುತ್ತಾರೆ. ಒಂದೇ ದಿನದಲ್ಲಿ ಹೋಗಿಬಂದರೆ ಐದು ಗಂಟೆ ಬಸ್ಸಿನಲ್ಲೇ. ನಾನಾದರೆ ನಿನ್ ಬಿನ್ ಹೇಳುತ್ತೇನೆ. ರೈಲಿನಲ್ಲಿ ಎರಡೂಕಾಲು ಗಂಟೆ, ಹ್ವೇ ಕಡೆಗಿನ ದಾರಿಯಲ್ಲೇ ಇದೆ. ಬ್ಯಾಗ್ ಹೊತ್ತುಕೊಂಡೇ ಬೆಳಿಗ್ಗೆ ಹೊರಡಿ, ನಿಲ್ದಾಣದ ಹತ್ತಿರದ ಯಾವುದಾದರೂ ಹೋಂಸ್ಟೇಯಲ್ಲಿ ಬ್ಯಾಗ್ ಇಟ್ಟು ಚಾಂಗ್ ಆನ್ ಎಂಬಲ್ಲಿ ದೋಣಿ ಹತ್ತಿ. ದೋಣಿಗೆ ನಾಲ್ವರು, ನಿಮಗೆ ಸರಿಯಾಗಿ ಒಂದು. ಎರಡೂವರೆ ಮೂರು ಗಂಟೆ ಸುಣ್ಣಕಲ್ಲಿನ ಗುಹೆಗಳೊಳಗೆ ಹುಟ್ಟು ಹಾಕುತ್ತಾರೆ. ಚಾವಣಿ ತಲೆಗೆ ತಾಗುವಷ್ಟು ತಗ್ಗಿರುವ ಕಡೆ ಬಗ್ಗಿಕೊಳ್ಳಬೇಕು.

ರಾತ್ರಿ ಅಲ್ಲಿಂದಲೇ ಹ್ವೇ ರೈಲು. ನಿಮ್ಮ ರೈಲು ನಿನ್ ಬಿನ್‌ನಲ್ಲಿ ನಿಲ್ಲುತ್ತದೆಯೇ ಎಂದು ಬುಕ್ ಮಾಡುವಾಗಲೇ ನೋಡಿ. ನಾಲ್ಕು ಬರ್ತಿನ ಮೆತ್ತನೆ ಹಾಸಿಗೆಯ ಕೋಣೆ ತೆಗೆದುಕೊಂಡರೆ ಇಡೀ ಕೋಣೆ ನಿಮ್ಮದೇ, ಬಾಗಿಲು ಒಳಗಿನಿಂದ ಹಾಕಿಕೊಳ್ಳಬಹುದು. ಆರು ಬರ್ತಿನದು ಅಗ್ಗ, ಆದರೆ ಮೇಲಿನ ಬರ್ತಿನಲ್ಲಿ ಎದ್ದು ಕೂರಲು ಆಗುವುದಿಲ್ಲ. ಭಾರತದ ಕಾರ್ಡನ್ನು ರೈಲ್ವೆ ತಾಣ ತಿರಸ್ಕರಿಸಿದರೆ ಮೊದಲ ದಿನವೇ ಹನೋಯ್ ನಿಲ್ದಾಣದ ಕೌಂಟರಿನಲ್ಲಿ ನಗದು ಕೊಟ್ಟು ಮಾಡಿಸಿ. ಹ್ವೇ ಇಂದ ಡಾ ನಾಂಗ್‌ಗೆ ಮಾತ್ರ ಹಗಲಿನ ರೈಲನ್ನೇ ಹಿಡಿದು ಎಡಬದಿಯ ಕಿಟಕಿ ಕೇಳಿ. ಹಾಯ್ ವಾನ್ ಬೆಟ್ಟದ ಬುಡದಲ್ಲಿ ಹಳಿ ಸಮುದ್ರದ ಅಂಚಿಗೇ ಅಂಟಿಕೊಂಡು ಹೋಗುತ್ತದೆ.