ಕೋಚಿಂಗ್ ಇಲ್ಲದೆ ಮನೆಯಲ್ಲೇ ಓದಿ ಕಲಿಯುವುದು ಹೇಗೆ?

ಶಿರಸಿ ಹತ್ತಿರದ ಹಳ್ಳಿಯಲ್ಲಿದ್ದುಕೊಂಡೇ ಸ್ಪರ್ಧಾತ್ಮಕ ಪರೀಕ್ಷೆಗೆ ಓದಬಹುದೇ ಎಂದು ಕೇಳಿದ್ದೀರಿ. ಧಾರಾಳವಾಗಿ ಓದಬಹುದು. ಆದರೆ ಸಾಲಿನ ಕೆಳಗೆ ಗೆರೆ ಎಳೆಯುತ್ತ ಅದೇ ಪುಟವನ್ನು ಮತ್ತೆ ಮತ್ತೆ ಓದುವುದನ್ನು ಮೊದಲು ಬಿಡಿ. ಓದಿದ ಸಮಾಧಾನ ಸಿಗುತ್ತದೆ, ತಲೆಯಲ್ಲಿ ಉಳಿಯುವುದು ಅಷ್ಟಕ್ಕಷ್ಟೇ.

ಪಾಠ ಮುಗಿದ ಕೂಡಲೇ ಪುಸ್ತಕ ಮುಚ್ಚಿ, ಖಾಲಿ ಹಾಳೆಯಲ್ಲಿ ನೆನಪಿದ್ದಷ್ಟನ್ನು ಬರೆಯಿರಿ. ಕಾಳಿ ನದಿಯನ್ನು ಓದಿದ್ದರೆ ಸೂಪಾ, ಕೊಡಸಳ್ಳಿ, ಕದ್ರಾ ಅಣೆಕಟ್ಟುಗಳನ್ನು ಗುರುತಿಸುತ್ತ ಕಾರವಾರದ ಅಳಿವೆಯವರೆಗೆ ನಕ್ಷೆ ಬಿಡಿಸಿ. ಪೆನ್ನು ಎಲ್ಲಿ ತಡವರಿಸಿತೋ ಆ ಭಾಗವನ್ನಷ್ಟೇ ಮತ್ತೆ ಓದಿ. ಮರುದಿನ, ವಾರದ ಬಳಿಕ, ತಿಂಗಳ ಬಳಿಕ ಅದೇ ನಕ್ಷೆಯನ್ನು ನೋಡದೆ ಬಿಡಿಸಿ. ಕಲಿತದ್ದರಲ್ಲಿ ಹೆಚ್ಚಿನದು ಆರಂಭದಲ್ಲೇ ಮರೆತುಹೋಗುತ್ತದೆ ಎಂಬುದನ್ನು ಜರ್ಮನಿಯ ಮನೋವಿಜ್ಞಾನಿ ಹರ್ಮನ್ ಎಬಿಂಗ್‌ಹೌಸ್ ತಮ್ಮ ಮೇಲೆಯೇ ಪ್ರಯೋಗ ಮಾಡಿಕೊಂಡು 1885ರಲ್ಲಿ ಪ್ರಕಟಿಸಿದರು. ಅದಕ್ಕೇ ಈ ಅಂತರ.

ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟು, ನೆಟ್‌ವರ್ಕ್ ಎರಡನ್ನೂ ನಂಬುವಂತಿಲ್ಲ. ವಿಡಿಯೊ ಪಾಠಗಳ ಹಿಂದೆ ಬೀಳುವ ಬದಲು ಹಳೆಯ ಪ್ರಶ್ನೆಪತ್ರಿಕೆಗಳನ್ನು ಮುದ್ರಿಸಿಟ್ಟುಕೊಳ್ಳಿ, ಗಡಿಯಾರ ಎದುರಿಟ್ಟುಕೊಂಡು ಬಿಡಿಸಿ. ಗಣಿತಕ್ಕೆ ಮಾತ್ರ ತಪ್ಪು ತೋರಿಸಿಕೊಡುವವರೊಬ್ಬರು ಬೇಕು. ವಾರಕ್ಕೊಮ್ಮೆ ಸಿಕ್ಕರೂ ಸಾಕು.