ಪಾಡ್‌ಕಾಸ್ಟ್‌ಗೂ ಸ್ಟೇಜ್ ಮೇಲೆ ಹಾಡುವುದಕ್ಕೂ ಒಂದೇ ಡೈನಾಮಿಕ್ ಮೈಕ್ ಸಾಕಾ?

ಸಾಕಾಗುತ್ತದೆ. (ಡೈನಾಮಿಕ್ ಅಂದ್ರೆ ಒಳಗೆ ಸುರುಳಿ, ಅಯಸ್ಕಾಂತ ಇರುವ ಗಟ್ಟಿಮುಟ್ಟಾದ ಮೈಕ್.) ನನ್ನ ಆಯ್ಕೆ ಶೂರ್ ಎಸ್‌ಎಂ58. 1966ರಿಂದ ಇದೆ, ಈಗಲೂ ಸ್ಟೇಜ್‌ಗಳಲ್ಲಿ ಜಾಸ್ತಿ ಕಾಣುವ ಮೈಕ್‌ಗಳಲ್ಲಿ ಇದೂ ಒಂದು. ಇದು ಕಾರ್ಡಿಯಾಯ್ಡ್: ಎದುರಿನ ಸದ್ದು ಹಿಡಿಯುತ್ತದೆ, ಬೆನ್ನ ಹಿಂದಿನದನ್ನು ಬಹುಮಟ್ಟಿಗೆ ಬಿಡುತ್ತದೆ. ಹಾಗಾಗಿ ಮಾನಿಟರ್ ಸ್ಪೀಕರ್ (ಹಾಡುವವರಿಗೆ ತಮ್ಮ ದನಿ ಕೇಳಿಸಲು ಇಡುವ ಸ್ಪೀಕರ್) ಮೈಕಿನ ನೇರ ಹಿಂದೆ ಇದ್ದರೆ ಕುಂಯ್ ಅನ್ನುವ ಫೀಡ್‌ಬ್ಯಾಕ್ ಕಡಿಮೆ. ಕೆಲವರು ಸ್ಟೈಲಿಗೆ ಜಾಲರಿಯನ್ನೇ ಮುಷ್ಟಿಯಲ್ಲಿ ಹಿಡಿದು ಹಾಡುತ್ತಾರೆ ಅಲ್ವಾ? ಆಗ ಈ ಗುಣವೇ ಕೆಟ್ಟುಹೋಗುತ್ತದೆ.

ಮನೆಯಲ್ಲಿ ರೆಕಾರ್ಡ್ ಮಾಡುವಾಗ ಬಾಯಿಂದ ನಾಲ್ಕು ಬೆರಳು ದೂರ, ಸ್ವಲ್ಪ ಓರೆಯಾಗಿ ಇಡಿ. ‘ಪ’, ‘ಭ’ ಅಂದಾಗ ಗಾಳಿ ನೇರ ಹೊಡೆಯುವುದಿಲ್ಲ. ಹತ್ತಿರ ಬಂದಷ್ಟೂ ದನಿ ದಪ್ಪವಾಗುತ್ತದೆ, ಗೇನ್ (ಮೈಕಿನ ಸಿಗ್ನಲ್ ಹಿಗ್ಗಿಸುವ ಮಟ್ಟ) ಇಳಿಸಬಹುದು. ಆಗ ಫ್ಯಾನ್ ಸದ್ದು, ಪಕ್ಕದ ಮನೆ ಕುಕ್ಕರ್ ವಿಶಲ್ ಅಷ್ಟಾಗಿ ಕೇಳಿಸುವುದಿಲ್ಲ.

ಎಸ್‌ಎಂ58ಗೆ ಎಕ್ಸ್‌ಎಲ್‌ಆರ್ ಕೇಬಲ್ (ಮೂರು ಪಿನ್‌ನ ಮೈಕ್ ಕೇಬಲ್), ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಆಡಿಯೋ ಇಂಟರ್‌ಫೇಸ್ ಪೆಟ್ಟಿಗೆ ಬೇಕು. ಆ ಖರ್ಚು ಬೇಡ ಅಂದ್ರೆ ಸ್ಯಾಮ್ಸನ್ ಕ್ಯೂ2ಯು ಮೈಕ್ ನೋಡಿ, ಅದರಲ್ಲಿ ನೇರ ಕಂಪ್ಯೂಟರಿಗೆ ಚುಚ್ಚುವ ಯುಎಸ್‌ಬಿ, ಎಕ್ಸ್‌ಎಲ್‌ಆರ್ ಎರಡೂ ಇವೆ. ಯೂಟ್ಯೂಬಿನಲ್ಲಿ ಎಲ್ಲರ ಮುಂದೆ ಕಾಣುವ, ಶೂರ್‌ನದೇ ಎಸ್‌ಎಂ7ಬಿ ಮೈಕಿಗೆ ಸುಮ್ನೆ ಆಸೆಪಡಬೇಡಿ. ಅದಕ್ಕೆ 60 ಡೆಸಿಬಲ್‌ನಷ್ಟು ಗೇನ್ ಬೇಕು, ಅಗ್ಗದ ಇಂಟರ್‌ಫೇಸ್‌ಗಳು ಅಲ್ಲಿ ಏದುಸಿರು ಬಿಡುತ್ತವೆ. ಕೈಯಲ್ಲಿ ಹಿಡಿದು ಹಾಡುವ ಮೈಕಂತೂ ಅದಲ್ಲ.